ನಿನ್ನ ಗೋಡೆಗೂ ಚಿಟ್ಟೆ ಹತ್ತಲಿ

"ಅಪ್ಪ ಇದ್ದಾರಾ?"

ಮುಸ್ಸಂಜೆಯಲ್ಲಿ ಬಾಗಿಲಿಗೆ ಬಂದು ನಿಂತಿದ್ದ ಯುವಕ ಕೇಳಿದ. ಅವನ ಬೆನ್ನ ಹಿಂದೆ, ಬೀದಿಯಲ್ಲಿ, ನಾಲ್ವರು ಹೆಂಗಸರು ತಲೆ ತಗ್ಗಿಸಿ ನಿಂತಿದ್ದರು.

ಅವರನ್ನು ನೋಡಿದ ಕೂಡಲೇ ರತ್ನಳ ಮೈ ಉರಿಯಿತು. ಬೆಳಗ್ಗೆಯೆಲ್ಲ ತಮ್ಮ ಕಾರ್ಖಾನೆಯ ಒಲೆಗಳ ಮುಂದೆ ಕೂತು, ಬಾಣಲೆಯಲ್ಲಿ ಗೂಡು ಬೇಯಿಸಿ ರೇಷ್ಮೆ ನೂಲು ಬಿಚ್ಚುತ್ತಿದ್ದವರು. ಮಧ್ಯಾಹ್ನ ಎದ್ದು ಹೋದವರು ಮತ್ತೆ ಬಂದಿರಲಿಲ್ಲ. ಈಗ ಇವನ ಹಿಂದೆ ನಿಂತಿದ್ದಾರೆ...

ಇವನು ಯಾರೆಂದು ಅವಳಿಗೆ ಗೊತ್ತು. ಶಿಡ್ಲಘಟ್ಟದ ಅದೇ ಬೀದಿಯ ಕೊನೆಯ ಕಾರ್ಖಾನೆಯ ಚಲಪತಿ.

ಒಳಗಿನಿಂದ ಅಪ್ಪ ಮುನಿಶಾಮಪ್ಪ ತಗ್ಗಿದ ದನಿಯಲ್ಲಿ ಹೇಳಿದರು. "ನಾನು ಇಲ್ಲ ಅಂತ ಹೇಳು."

"ಅಪ್ಪ ಇಲ್ಲ" ಎಂದಳು ರತ್ನ.

"ಅವರ ದನಿ ಕೇಳಿಸ್ತಲ್ಲ. ಒಂದು ಮಾತು ಹೇಳಿ ಹೋಗ್ತೀನಿ ಅಷ್ಟೇ..."

"ನಮ್ಮ ಜನಾನ ಕಿತ್ಕೊಂಡಿದ್ದು ಸಾಲ್ದು ಅಂತ ಮೆರವಣಿಗೆ ಬೇರೆ ಮಾಡ್ಕೊಂಡು ಬಂದಿದ್ದೀರಾ?"

ಅವನ ಮುಖ ಕೆಂಪಾಯಿತು. ಏನೋ ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ಹದಿನಾರರ ರತ್ನ ಅವನ ಮುಖದ ಮೇಲೆ ಬಾಗಿಲು ಹಾಕಿ ಅಗುಳಿ ಜಡಿದಳು.

ಮನೆಯೊಳಗೆ ಸೂರಿನ ತನಕ ಗೂಡಿನ ರಾಶಿ ಬಿದ್ದಿತ್ತು. ದಿಬ್ಬೂರಹಳ್ಳಿ ಕಡೆಯ ಬೆಳೆಗಾರರಿಗೆಲ್ಲ ಆ ಸಲ ಬೆಳೆ ಚೆನ್ನಾಗಿ ಬಂದು, ಎಲ್ಲರೂ ಮುನಿಶಾಮಪ್ಪನವರ ಬಾಗಿಲಿಗೇ ತಂದು ಸುರಿದಿದ್ದರು. ಗೂಡು ಕಾಯುವ ಪದಾರ್ಥವಲ್ಲ. ಕೆಲವೇ ದಿನಗಳಲ್ಲಿ ನೂಲು ಬಿಚ್ಚದಿದ್ದರೆ ಒಳಗಿನ ಹುಳ ಚಿಟ್ಟೆಯಾಗಿ ಗೂಡನ್ನು ತೂತು ಮಾಡಿಕೊಂಡು ಹೊರಗೆ ಬರುತ್ತದೆ. ತೂತು ಬಿದ್ದ ಗೂಡಿನಿಂದ ಎಳೆ ಬಿಚ್ಚಿಕೊಳ್ಳುವುದಿಲ್ಲ. ಹಬೆಗೆ ಇಟ್ಟು ಹುಳ ಸಾಯಿಸೋಣವೆಂದರೆ ಹಬೆಯ ಹಂಡೆಗೆ ಹಿಡಿಸುವುದು ಒಂದೆರಡು ಬುಟ್ಟಿ. ಒಣಗಿಸಲು ಬಿಸಿಲೂ ಇಲ್ಲದ ಮೋಡದ ದಿನಗಳು.

ಚಿಟ್ಟೆಗಳು ಬಂದೇಬಿಟ್ಟವು.

ಬೆಳ್ಳಗೆ, ರೆಕ್ಕೆ ಬಡಿಯುತ್ತಾ, ಗೋಡೆ, ತೊಲೆ, ದೇವರ ಪಟ, ಅಪ್ಪನ ಅಂಗಿ... ಎಲ್ಲೆಲ್ಲೂ ಹತ್ತಿದವು. ಅಪ್ಪ ಅವುಗಳ ನಡುವೆ ಸುಮ್ಮನೆ ಕೂತಿದ್ದರು. ಆಮೇಲೆ ಒಲೆಗಳನ್ನು ಕೆಡವಿ, ಸಂಸಾರ ಕಟ್ಟಿಕೊಂಡು ಸ್ವಂತ ಊರು ಮಂಡಿಕಲ್ಲಿಗೆ ಹೊರಟರು. ಅಂದಿನಿಂದ ರೇಷ್ಮೆ ಎಂಬ ಮಾತು ಅವರ ಬಾಯಲ್ಲಿ ಬರಲಿಲ್ಲ.

ಎತ್ತಿನ ಗಾಡಿ ಬೀದಿಯ ಕೊನೆ ದಾಟುವಾಗ ಚಲಪತಿಯ ಕಾರ್ಖಾನೆಯ ಹೊಗೆ ಕಾಣಿಸಿತು. ರತ್ನ ಮನಸ್ಸಿನಲ್ಲೇ ಶಪಿಸಿದಳು.

'ನಿನ್ನ ಗೋಡೆಗೂ ಚಿಟ್ಟೆ ಹತ್ತಲಿ. ಅದನ್ನ ನಾನು ನಿಂತು ನೋಡ್ಬೇಕು.'

ಅದು ಐವತ್ತನಾಲ್ಕನೇ ಇಸವಿ.

ನಾಲ್ಕು ವರ್ಷ ಅವಳು ಆ ಶಾಪವನ್ನು ಆರಲು ಬಿಡಲಿಲ್ಲ. ಬಂದ ಎರಡು ಸಂಬಂಧಗಳನ್ನು ಬೇಡವೆಂದಳು. ಲೋವರ್ ಸೆಕೆಂಡರಿ ಮುಗಿಸಿದಳು. ಚಲಪತಿ ತನ್ನ ಕಾರ್ಖಾನೆ ನೋಡಿಕೊಳ್ಳಲು ಓದು ಬಲ್ಲ ಹೆಂಗಸನ್ನು ಹುಡುಕುತ್ತಿದ್ದಾನೆಂದು ಶಿಡ್ಲಘಟ್ಟದ ಚಿಕ್ಕಮ್ಮ ಸುಂದರಮ್ಮನಿಂದ ಸುದ್ದಿ ಬಂದ ದಿನವೇ ಬಟ್ಟೆ ಗಂಟು ಕಟ್ಟಿದಳು.

"ಅವನ ಹತ್ರಾನಾ? ನಿನಗೇನು ತಲೆ ಕೆಟ್ಟಿದೆಯೇನೇ?" ಎಂದರು ಚಿಕ್ಕಮ್ಮ.

"ಒಂದು ಕಾರ್ಖಾನೆ ಹೇಗೆ ನಡೆಯುತ್ತೆ ಅಂತ ಕಲೀಬೇಕು ಚಿಕ್ಕಮ್ಮ."

ಹೇಗೆ ನಿಲ್ಲುತ್ತೆ ಅಂತಲೂ... ಅದನ್ನು ಹೇಳಲಿಲ್ಲ.

ಕಾರ್ಖಾನೆಯ ಬಾಗಿಲಲ್ಲಿ ಚಲಪತಿ ಅವಳನ್ನು ಒಂದು ಗಳಿಗೆ ನೋಡಿದ. ಗುರುತು ಸಿಕ್ಕಿತೇ?

"ಯಾವೂರು?"

"ಚಿಕ್ಕಬಳ್ಳಾಪುರದ ಕಡೆ."

"ಆ ಜಗಲಿ ಮೇಲೆ ಕೂತ್ಕೊಳ್ಳಿ ರತ್ನಮ್ಮ. ಇವತ್ತು ಏನೂ ಮಾಡ್ಬೇಡಿ. ನೋಡ್ತಾ ಇರಿ."

"ಏನನ್ನ ನೋಡ್ಬೇಕು?"

"ಬುಟ್ಟಿ ಎಲ್ಲಿ ನಿಲ್ಲುತ್ತೆ ಅಂತ. ಜನ ನಿಂತ್ರೆ ಎಲ್ಲರಿಗೂ ಕಾಣುತ್ತೆ. ಬುಟ್ಟಿ ನಿಂತಿದ್ದು ಯಾರಿಗೂ ಕಾಣಲ್ಲ."

ಸಂಜೆಗೆ ಅವಳು ಹೇಳಿದಳು. "ಮೂರನೇ ಒಲೆ ಮುಂದೆ ನಿಲ್ಲುತ್ತೆ. ಆಯಮ್ಮನ ಕೈ ನಿಧಾನ."

"ಕೈ ನೋಡಿದ್ರಿ. ಸೌದೆ ನೋಡಿದ್ರಾ?"

ಅವಳು ಎದ್ದು ಹೋಗಿ ಮುಟ್ಟಿದಳು. ಹಸಿ ಸೌದೆ! ನೀರು ಕಾಯದೆ ಗೂಡು ಬೇಯುತ್ತಿರಲಿಲ್ಲ. ಪಾಪದ ಹೆಂಗಸು ಬೈಗುಳ ತಿನ್ನುತ್ತಿದ್ದಳು ಅಷ್ಟೇ.

ಹೀಗೆ ಕಲಿಕೆ ಶುರುವಾಯಿತು. ಚರಕ ತಿರುಗಿಸುವವರು ಎಷ್ಟು ಜೋರಾಗಿ ತಿರುಗಿಸಿದರೂ ಬಾಣಲೆಯ ವೇಗವೇ ಇಡೀ ಕಾರ್ಖಾನೆಯ ವೇಗ ಎಂದು ಕಲಿತಳು. ಮೊದಲು ಬಂದ ಗೂಡು ಮೊದಲು ಬೇಯಬೇಕು. ಅದಕ್ಕೇ ಚಲಪತಿ ಹೊಸ ಬುಟ್ಟಿಗಳನ್ನು ಹಿಂಬಾಗಿಲಿನಿಂದ ತರಿಸಿ, ಹಳೆಯವನ್ನು ಒಲೆಯ ಕಡೆಗೆ ಸರಿಸುತ್ತಿದ್ದ. ಎಲ್ಲಕ್ಕಿಂತ ದೊಡ್ಡ ಪಾಠ ಬಾಗಿಲಲ್ಲಿತ್ತು.

"ತುಂಬಾ ಚೆನ್ನಾಗಿರೋ ಗೂಡು ಕಣಣ್ಣ, ಇದೊಂದು ಬುಟ್ಟಿ ಇಸ್ಕೊಂಬಿಡು" ಎಂದು ರೈತರು ಅಂಗಲಾಚಿದರೂ ಅವನು ಕೈ ಮುಗಿಯುತ್ತಿದ್ದ. "ಈ ಒಲೆಗಳು ತಿನ್ನೋದು ಇಷ್ಟೇ ಅಣ್ಣ. ಮಿಕ್ಕಿದ್ದು ಎದುರುಗಡೆ ಅಮೀರ್ ಸಾಹೇಬ್ರಿಗೆ ಕೊಡು, ನಾನೇ ಹೇಳ್ತೀನಿ."

"ಬಾಗಿಲಿಗೆ ಬಂದ ಲಕ್ಷ್ಮಿನ ಕಳಿಸ್ತೀರಲ್ಲ" ಎಂದು ರತ್ನ ಒಮ್ಮೆ ಚುಚ್ಚಿದಳು.

ಅವನು ನಗಲಿಲ್ಲ. "ಬೇಡ ಅನ್ನೋಕೆ ಬರ್ದೇ ಇರೋರ ಮನೆ ಏನಾಯ್ತು ಅಂತ ನಾನು ನೋಡಿದ್ದೀನಿ."

'ನಮ್ಮಪ್ಪನ್ನ ಮುಳುಗಿಸಿ, ಅದನ್ನೇ ಪಾಠ ಮಾಡ್ತಾ ಇದ್ದೀಯಾ?' ಹಲ್ಲು ಕಚ್ಚಿ ಕೈಯಲ್ಲಿದ್ದ ಬುಟ್ಟಿಯನ್ನು ಒಲೆಯ ಕಡೆಗೆ ಒಯ್ದಳು.

ಆದರೆ ಹೃದಯಕ್ಕೆ ಯಾರು ಬುದ್ಧಿ ಹೇಳುವುದು? ನೂಲು ಬಿಚ್ಚುವವರೆಲ್ಲ ಉಂಡ ಮೇಲೆ ಅವನು ಉಣ್ಣುತ್ತಿದ್ದುದು ಅವಳ ಕಣ್ಣಿಗೆ ಬೀಳುತ್ತಿತ್ತು. ಬಾಣಲೆಯಲ್ಲಿ ಎಳೆಯ ತುದಿ ಹುಡುಕಲು ಕಲಿಸುವಾಗ ಅವಳ ಬೆರಳು ಸುಟ್ಟಿತು; ಅವನು ತಣ್ಣೀರಿನ ಚೊಂಬು ತಂದಿಟ್ಟು, ಅವಳನ್ನು ಮುಟ್ಟದೆ, ದೂರ ಕೂತು, "ಅವಸರದ ಕೈಗೆ ಎಳೆ ಸಿಗಲ್ಲ" ಎಂದ. ಆ ರಾತ್ರಿ ಅವಳಿಗೆ ನೆನಪಿಗೆ ಬಂದದ್ದು ಉರಿಯಲ್ಲ, ಆ ದನಿ.

ಅವಳು ತನ್ನನ್ನೇ ಬೈದುಕೊಂಡಳು. ಅಪ್ಪನ ಅಂಗಿಗೆ ಹತ್ತಿದ್ದ ಚಿಟ್ಟೆಗಳನ್ನು ಬೇಕೆಂದೇ ನೆನಪಿಸಿಕೊಂಡಳು. ಸಿಟ್ಟು ಮತ್ತೆ ಹೊತ್ತಿಕೊಂಡಿತು.

ಆಷಾಢದಲ್ಲಿ ಅವಳಿಗೆ ಬೇಕಾದ ದಿನ ಬಂತು. ಹೊಸ ಬಗೆಯ ಬಾಣಲೆಗಳನ್ನು ನೋಡಲು ಚಲಪತಿ ಬೆಂಗಳೂರಿಗೆ ಹೊರಟ.

"ವಾರ ಆಗುತ್ತೆ. ಬಾಗಿಲು ನಿಮ್ಮ ಕೈಲಿ ರತ್ನಮ್ಮ."

"ನನ್ನ ನಂಬ್ತೀರಾ?"

"ನನ್ನಷ್ಟೇ ಕಲ್ತಿದ್ದೀರಲ್ಲ" ಎಂದು ಬಸ್ಸು ಹತ್ತಿದ.

ಅವಳು ಯಾವ ಬುಟ್ಟಿಗೂ ಬೇಡ ಎನ್ನಲಿಲ್ಲ.

ಸುದ್ದಿ ಹಬ್ಬಿ ಗಾಡಿಗಳು ಸಾಲುಗಟ್ಟಿದವು. ಅಂಬಾಜಿದುರ್ಗದ ಕಡೆಯಿಂದಲೂ ಗೂಡು ಬಂತು. ಮಳೆ ಬಿದ್ದದ್ದರಿಂದ ನೂಲು ಬಿಚ್ಚುವ ಹೆಂಗಸರು ಬಿತ್ತನೆಗೆ ರಜೆ ಕೇಳಿದರು. ಚಲಪತಿಯಾಗಿದ್ದರೆ ಸರದಿಯ ಮೇಲೆ ಕಳಿಸುತ್ತಿದ್ದ. ಅವಳು ಎಲ್ಲರಿಗೂ ಒಟ್ಟಿಗೆ "ಹೋಗ್ಬನ್ನಿ" ಎಂದಳು. ಊರಲ್ಲಿ ಹೊಲವಿಲ್ಲದ ಇಬ್ಬರು ಮಾತ್ರ ಉಳಿದರು.

ರಾಶಿ ಏರಿತು. ಸೂರು ಮುಟ್ಟಿತು. ಹಬೆಯ ಹಂಡೆಯನ್ನು ಅವಳು ಒಲೆಗೇರಿಸಲಿಲ್ಲ. ಹೊರಗೆ ಮೋಡ ಕವಿದಿತ್ತು, ಆ ವರ್ಷದ ಹಾಗೆಯೇ.

ರಾಶಿಯ ಮುಂದೆ ನಿಂತಾಗ ಎದೆ ತಣ್ಣಗಾಗಬೇಕಿತ್ತು. ನಾಲ್ಕು ವರ್ಷ ಕಾದದ್ದು ಇದಕ್ಕೇ ತಾನೇ? 'ನಾಳೆ ನಾಡಿದ್ದರಲ್ಲಿ ಏಳ್ತವೆ. ನೀನೂ ಕೂತ್ಕೋ, ನಮ್ಮಪ್ಪ ಕೂತಿದ್ದ ಹಾಗೆ...'

"ಕೆಲ್ಸ ಐತೇನಮ್ಮಾ ಇಲ್ಲಿ?"

ಬಾಗಿಲಲ್ಲಿ ವಯಸ್ಸಾದ ಹೆಂಗಸೊಬ್ಬಳು. ನಾಲ್ಕು ವರ್ಷದ ಹಿಂದೆ ಅದೇ ಬೀದಿಯಲ್ಲಿ ತಲೆ ತಗ್ಗಿಸಿ ನಿಂತಿದ್ದವಳು. ಗಂಗುಲಮ್ಮ!

ಗಂಗುಲಮ್ಮ ಕಣ್ಣು ಕಿರಿದು ಮಾಡಿ ನೋಡಿದಳು. "ಅಯ್ಯೋ ತಲ್ಲೀ... ಮುನಿಶಾಮಣ್ಣನ ಮಗಳಲ್ವಾ ನೀನು?"

"ಹೌದು. ನಮ್ಮ ಒಲೆ ಆರಿಸಿ ಇವನ ಒಲೆ ಹಚ್ಚೋಕೆ ಬಂದೆಯಲ್ಲ, ಆ ಮುನಿಶಾಮಪ್ಪನ ಮಗಳೇ. ಇಷ್ಟು ದಿನ ಎಲ್ಲಿದ್ದೆ?"

"ಚಿಂತಾಮಣೀಲಿ, ಅಣ್ಣನ ಮನೇಲಿ. ಇವನ ಒಲೆ ಅಂತೀಯಲ್ಲ, ಇವನೆಲ್ಲಿ ನಮ್ಮನ್ನ ಇಟ್ಕೊಂಡ?"

"ಅಂದ್ರೆ?"

"ನಾವೇ ಎದ್ದು ಬಂದ್ವಿ ತಲ್ಲಿ. ಹಗಲೂ ರಾತ್ರಿ ಬಾಣ್ಲೆ ಮುಂದೆ ಕೂತು ಕೈ ಬೆಂದು ಹೋಗಿತ್ತು. ಒಂದಿನ ಬಿಡಪ್ಪಾ ಅಂದ್ರೆ ನಿಮ್ಮಪ್ಪ ಬಾಯಿಗೆ ಬಂದಂಗೆ ಬೈದ. ರೋಷಕ್ಕೆ ಈ ಚಲಪತಣ್ಣನ ಬಾಗ್ಲಿಗೆ ಬಂದ್ವಿ. ಉರಿಯೋ ಒಲೆ ಬಿಟ್ಟು ಬಂದೋರನ್ನ ನಾನು ಇಟ್ಕೊಳ್ಳಲ್ಲ ಅಂತ ತಿರುಗ ನಮ್ಮನ್ನೇ ಕರ್ಕೊಂಡು ನಿಮ್ಮನೆಗೆ ಬಂದ. ಅರ್ಧ ಗೂಡು ನನ್ನ ಒಲೆಗಳಿಗೆ ಹಾಕಣ, ಕೂಲಿ ಗೀಲಿ ಏನೂ ಬೇಡ ಅಂತ ಮುನಿಶಾಮಣ್ಣಂಗೆ ಹೇಳ್ತೀನಿ ಅಂತ ದಾರೀಲೆಲ್ಲ ಹೇಳ್ಕೊಂಡು ಬಂದ."

ಗಂಗುಲಮ್ಮ ಉಸಿರು ಬಿಟ್ಟಳು. "ನೀನು ಬಾಯಿ ತೆರೆಯೋಕೆ ಬಿಟ್ಯಾ ಅವನ್ನ? ದಢಾರ್ ಅಂತ ಹಾಕ್ಬಿಟ್ಟೆ ಬಾಗ್ಲು."

ಒಂದು ಮಾತು ಹೇಳಿ ಹೋಗ್ತೀನಿ ಅಷ್ಟೇ...

ನಾಲ್ಕು ವರ್ಷ ರತ್ನ ಸಾಕಿದ ಸಿಟ್ಟು ಈಗ ತಿರುಗಿ ಅವಳನ್ನೇ ಕಚ್ಚಿತು. ಆ ಒಂದು ಮಾತು ಕೇಳಿದ್ದಿದ್ದರೆ ಅಪ್ಪ ಇವತ್ತಿಗೂ ಒಲೆಯ ಮುಂದೆ ಇರುತ್ತಿದ್ದರು!

ಹಿಂದಿನ ಮೂಲೆಯಿಂದ ಪಟಪಟ ಸದ್ದು. ಮೊದಲ ಚಿಟ್ಟೆ ಗೋಡೆ ಹತ್ತುತ್ತಿತ್ತು.

"ಗಂಗುಲಮ್ಮ, ಕೂತ್ಕೋ ಒಲೆ ಮುಂದೆ. ನೀವಿಬ್ರೂ ಹಬೆ ಹಂಡೆ ಏರಿಸಿ. ಹಳೇ ಬುಟ್ಟಿ ಮೊದಲು..."

ಸೆರಗು ಬಿಗಿದು ಎದುರು ಕಾರ್ಖಾನೆಗೆ ಓಡಿದಳು.

"ಸಾಹೇಬ್ರೇ, ನಿಮ್ಮ ಒಲೆಗಳು ಬೇಕು. ತಪ್ಪು ನಂದು."

ಗಡ್ಡದ ಅಮೀರ್ ಸಾಹೇಬರು ಬಂದು ರಾಶಿ ನೋಡಿ ಹಣೆ ಚಚ್ಚಿಕೊಂಡರು. "ಯಾ ಅಲ್ಲಾ... ಏನ್ ಬೇಟಿ, ಊರಿನ ಗೂಡೆಲ್ಲ ಇಲ್ಲೇ ಇದೆ! ತನ್ನಿ, ತನ್ನಿ. ಚಲಪತಿ ನನಗೆ ಎಷ್ಟೋ ಸಲ ಬುಟ್ಟಿ ಕಳಿಸಿದ್ದಾನೆ."

ಬೀದಿಯ ಅಷ್ಟೂ ಕಾರ್ಖಾನೆಗಳಿಗೆ ಅವಳೇ ಗೂಡು ಹಂಚಿದಳು. ಯಾವ ಒಲೆ ಎಷ್ಟು ತಿನ್ನುತ್ತದೋ ಅಷ್ಟೇ, ಒಂದು ಹಿಡಿ ಹೆಚ್ಚಿಲ್ಲ. ಬುಟ್ಟಿ ನಿಂತಲ್ಲೆಲ್ಲ ಅವಳಿದ್ದಳು. ಕೈ ಬೆಂದಿತು. ಕಣ್ಣು ಹೊಗೆಗೆ ಊದಿತು. ಆದರೂ ಹಿಂದಿನ ಸಾಲಿನ ಒಂದಷ್ಟು ಬುಟ್ಟಿ ಉಳಿಸಿಕೊಳ್ಳಲು ಆಗಲಿಲ್ಲ.

ಚಲಪತಿ ಬಂದಾಗ ಅವಳು ಖಾಲಿ ಬುಟ್ಟಿಗಳ ನಡುವೆ ಕೂತಿದ್ದಳು. ಗೋಡೆಯ ಮೇಲೆ ಬಿಳಿಯ ಚಿಟ್ಟೆಗಳು. ಅವನು ಅವುಗಳನ್ನೇ ನೋಡಿದ.

"ಬೇಕೂಂತ ಮಾಡಿದೆ" ಎಂದಳು. "ನಾನು..."

"ಮುನಿಶಾಮಪ್ಪನವರ ಮಗಳು. ಗೊತ್ತು."

"ಯಾವಾಗಿಂದ?"

"ಜಗಲಿ ಮೇಲೆ ಕೂರಿಸಿದ ದಿನದಿಂದ. ಅಷ್ಟು ಜೋರಾಗಿ ನನ್ನ ಮೇಲೆ ಬಾಗಿಲು ಹಾಕಿದೋರು ಇನ್ಯಾರೂ ಇಲ್ಲ."

ಅವಳ ಕಣ್ಣು ತುಂಬಿತು. "ಗೊತ್ತಿದ್ದೂ ಯಾಕೆ ಬಾಗಿಲು ನನ್ನ ಕೈಗೆ ಬಿಟ್ಟು ಹೋದ್ರಿ? ಆವತ್ತೇನು ನಡೀತು ಅಂತ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನಂಬ್ತಿದ್ರಾ? ಕೆಲ್ಸ ಕಲಿತ ಕೈ ಗೂಡು ಹಾಳು ಮಾಡಲ್ಲ ಅಂದ್ಕೊಂಡೆ." ಗೋಡೆ ನೋಡಿ ಮೆಲ್ಲಗೆ ನಕ್ಕ. "ಸ್ವಲ್ಪ ತಪ್ಪಿದೆ."

"ನಷ್ಟ ತೀರೋ ತನಕ ಸಂಬಳ ಬೇಡ ನಂಗೆ. ಆಮೇಲೆ ಹೊರಟೋಗ್ತೀನಿ."

"ರತ್ನ..." ಮೊದಲ ಸಲ ಅವಳ ಹೆಸರು ಬರಿದೇ ಬಂತು ಅವನ ಬಾಯಲ್ಲಿ. "ತಪ್ಪು ನಂದೂ ಇದೆ. ಆವತ್ತು ಇನ್ನೊಂದು ಸಲ ಬಾಗಿಲು ತಟ್ಟಬೇಕಾಗಿತ್ತು. ನನಗೂ ರೋಷ ಬಂತು, ಹೊರಟೋದೆ. ಚಿಟ್ಟೆ ಎದ್ದ ಸುದ್ದಿ ಕೇಳಿದಾಗಿಂದ ಒಂದು ಬುಟ್ಟಿ ಹೆಚ್ಚಿಗೆ ತಗೊಂಡಿಲ್ಲ ನಾನು. ಈಗ ಮಂಡಿಕಲ್ಲಿಗೆ ಬಂದು ತಟ್ಟಲಾ?"

"ಬಂದು ಏನು ಕೇಳ್ತೀರಾ?"

"ಮೊದಲು ಕ್ಷಮೆ. ಆಮೇಲೆ ಮಗಳನ್ನ."

ಅವಳು ತಲೆ ತಗ್ಗಿಸಿದಳು. ಬೆಂದ ಬೆರಳುಗಳ ಮೇಲೆ ಕಣ್ಣೀರು ಬಿತ್ತು, ತಣ್ಣಗೆ.

ಚಲಪತಿ ಬರುವುದಕ್ಕೆ ಎರಡು ದಿನ ಮೊದಲೇ ಊರಿಗೆ ಹೋಗಿ ರತ್ನ ಅಪ್ಪನಿಗೆ ಎಲ್ಲ ಹೇಳಿದಳು. ಗಂಗುಲಮ್ಮನ ಮಾತು, ತನ್ನ ಸೇಡು, ಬೀದಿಯ ಒಲೆಗಳು... ಯಾವುದನ್ನೂ ಮುಚ್ಚಿಡಲಿಲ್ಲ. ಮುನಿಶಾಮಪ್ಪ ಗೋಡೆ ಕಡೆ ತಿರುಗಿ ಮಲಗಿದರು.

ಮೂರನೆಯ ದಿನ ಮುಸ್ಸಂಜೆ ಬಾಗಿಲು ಸದ್ದಾಯಿತು.

"ಅಪ್ಪ ಇದ್ದಾರಾ?"

ರತ್ನಳ ಕೈ ಅಗುಳಿಯ ಮೇಲೆ ನಿಂತಿತು. ತಿರುಗಿ ನೋಡಿದಳು. ಮುನಿಶಾಮಪ್ಪ ಮಂಚದಿಂದ ಮೆಲ್ಲಗೆ ಎದ್ದು ಕೂತರು. ಹೆಗಲ ಮೇಲೆ ಟವಲು ಸರಿಮಾಡಿಕೊಂಡರು.

"ಇದ್ದೀನಿ ಅಂತ ಹೇಳಮ್ಮ."

ಅವಳು ಅಗುಳಿ ತೆಗೆದಳು. ಹೊಸ್ತಿಲಾಚೆ ಚಲಪತಿ ನಿಂತಿದ್ದ, ಅಂದಿನ ಹಾಗೆಯೇ.

"ಅಪ್ಪ ಇದ್ದಾರೆ. ಬನ್ನಿ."

"ನೀನು?"

"ನಾನೂ ಇದ್ದೀನಿ" ಎಂದಳು ರತ್ನ.