ತೀರ್ಥ ಬೀಳದ ಮೊಟ್ಟೆ

ಈಸ್ಟರ್ ಹಿಂದಿನ ಶನಿವಾರ ಮಧ್ಯಾಹ್ನ. ಬಫಲೋ ನಗರದ ಸಂತ ದೊರೋತಾ ಚರ್ಚಿನಿಂದ ದೇವಮಾತೆಯ ಚಿತ್ರ ಮಾಯವಾಗಿತ್ತು. ಪುಟ್ಟ ಚಿತ್ರ. ಚರ್ಚು ಕಟ್ಟಿದ ಪೋಲಿಷ್ ವಲಸಿಗರು ಹಡಗಿನಲ್ಲಿ ತಂದದ್ದು. ಹಬ್ಬ ಮುಗಿದೊಡನೆ ಚರ್ಚಿಗೆ ಶಾಶ್ವತವಾಗಿ ಬೀಗ, ಚಿತ್ರ ಬಿಷಪ್ಪರ ಉಗ್ರಾಣಕ್ಕೆ ಎಂದು ತೀರ್ಮಾನವಾಗಿತ್ತು. ಖಾಲಿ ಚೌಕಟ್ಟಿನ ಕೆಳಗೆ ಸ್ಕ್ರೂಡ್ರೈವರ್ ಬಿದ್ದಿತ್ತು.

"ಇದು ರಾವುಲ್‌ದು," ಎಂದರು ಫಾದರ್ ಝಿಗ್ಮುಂತ್. ರಾವುಲ್, ಬೆಂಚು ಬಿಚ್ಚಲು ಬಂದಿದ್ದ ಮೆಕ್ಸಿಕೋದ ಬಡಗಿ.

"ಬೆಳಿಗ್ಗೆ ಚಿತ್ರ ಇತ್ತಾ?" ಡಿಟೆಕ್ಟಿವ್ ಇರೇನಾ ಕೇಳಿದಳು.

"ಇತ್ತಮ್ಮ. ನಿಮ್ಮ ಚಿಕ್ಕಮ್ಮನೇ ಒಬ್ರೇ ನಿಂತು ಹೂವಿಟ್ರು. ಆಮೇಲೆ ಜನ ತಂದ ಹಬ್ಬದ ಮೊಟ್ಟೆ ಬುಟ್ಟಿಗಳಿಗೆ ತೀರ್ಥ ಹಾಕ್ದೆ. ಜನ ಹೋದ್ರು, ಚಿತ್ರಾನೂ ಹೋಯ್ತು."

ರಾವುಲ್‌ನ ಮನೆ, ಗಾಡಿ ಜಾಲಾಡಿದರು. ಏನೂ ಸಿಗಲಿಲ್ಲ. "ಸ್ಕ್ರೂಡ್ರೈವರ್ ಮರ್ತು ಬಂದಿದ್ದೆ ಮೇಡಂ," ಎಂದ. ಮೇಲಧಿಕಾರಿಗೆ ಅಷ್ಟೇ ಸಾಕಾಯಿತು; ಲಾಕಪ್ಪಿಗೆ ತಳ್ಳಿದ. ಕಳವು ಅಂಟಿದರೆ ಅವನಿಗೆ ಕೆಲಸವೂ ಇಲ್ಲ, ಈ ದೇಶವೂ ಇಲ್ಲ.

* * *

ಈಸ್ಟರ್ ಬೆಳಿಗ್ಗೆ ಇರೇನಾ ಚಿಕ್ಕಮ್ಮ ಗೆನೊವೆಫಾಳ ಮನೆಗೆ ಊಟಕ್ಕೆ ಹೋದಳು. ತೀರ್ಥ ಬಿದ್ದ ಮೊಟ್ಟೆಯನ್ನು ಹೋಳು ಮಾಡಿ ಹಂಚದೆ ಆ ಮನೆಯಲ್ಲಿ ಯಾರೂ ಚಮಚ ಮುಟ್ಟಿದವರಲ್ಲ. ಈ ಸಲ ಚಿಕ್ಕಮ್ಮ ನೇರ ಸೂಪು ಬಡಿಸಿದಳು.

"ಮೊಟ್ಟೆ ಎಲ್ಲಿ?"

"ಒಡೆದ್ಹೋಯ್ತು ಕಣೇ. ತಿನ್ನು, ಆರ್ಹೋಗುತ್ತೆ."

ಇರೇನಾ ಫ್ರಿಜ್ ತೆರೆದಳು. ಬಟ್ಟಲು ತುಂಬ ಬಣ್ಣ ಹಚ್ಚಿದ ಮೊಟ್ಟೆ.

"ಇಷ್ಟೊಂದಿವೆ! ಒಂದನ್ನ ಹೋಳು ಮಾಡು."

ಚಿಕ್ಕಮ್ಮ ಚಾಕು ಮುಟ್ಟಲಿಲ್ಲ. ಇರೇನಾ ಬಟ್ಟಲನ್ನು ಮೇಜಿನ ಮೇಲಿಟ್ಟಳು.

"ಇವಕ್ಕೆ ತೀರ್ಥ ಬಿದ್ದಿಲ್ಲ, ಅಲ್ವಾ? ತೀರ್ಥ ಹಾಕುವಾಗ ಬುಟ್ಟಿ ಮೇಲಿನ ಬಟ್ಟೆ ಸರಿಸ್ಬೇಕು. ನೀನು ಸರಿಸೋ ಹಾಗಿರ್ಲಿಲ್ಲ. ಒಳಗೆ ಚಿತ್ರ ಇತ್ತು. ಚಿತ್ರದ ಹತ್ರ ಒಬ್ಳೇ ಇದ್ದೋಳು ನೀನು, ರಾವುಲ್ ಮರ್ತ ಸ್ಕ್ರೂಡ್ರೈವರ್ ಕೈಗೆ ಸಿಕ್ತು. ಜನ ಹೊರಗೆ ತಂದದ್ದು ಬುಟ್ಟಿ ಮಾತ್ರ. ಕದಿಯೋಕೆ ಧೈರ್ಯ ಬಂತು, ಸುಳ್ಳು ಮೊಟ್ಟೆ ಹಂಚೋಕೆ ಬರ್ಲಿಲ್ಲ."

ಚಿಕ್ಕಮ್ಮ ಫ್ರಿಜ್ಜಿನ ಬಾಗಿಲು ಮುಚ್ಚಿದಳು. "ನಮ್ಮಮ್ಮ ರಜಾಯಿಯೊಳಗೆ ಹೊಲ್ಕೊಂಡು ತಂದದ್ದು ಕಣೇ ಅದು. ಉಗ್ರಾಣದ ಇಲಿಗಳಿಗೆ ಕೊಡ್ಲಾ?"

"ಮತ್ತೆ ರಾವುಲ್?"

"ಹಬ್ಬ ಕಳೀಲಿ, ಹೇಳೋಣ ಅಂತಿದ್ದೆ."

"ಅವ್ನಿಗೂ ಇವತ್ತೇ ಹಬ್ಬ, ಚಿಕ್ಕಮ್ಮ."

ಇರೇನಾಳಿಗೆ ನಾಚಿಕೆಯಾಯಿತು, ಸಿಟ್ಟೂ ಬಂತು. ಚಿಕ್ಕಮ್ಮ ಮಂಚದಡಿಯಿಂದ ಚಿತ್ರ ತೆಗೆದು, ಕೋಟು ಹಾಕಿಕೊಂಡಳು.

* * *

ಠಾಣೆಯಲ್ಲಿ ತಪ್ಪೊಪ್ಪಿಗೆ ಬರೆದುಕೊಂಡು ರಾವುಲ್‌ನನ್ನು ಬಿಟ್ಟರು. ಚಿಕ್ಕಮ್ಮ ಅವನೆದುರು ಕೈಮುಗಿದಳು.

"ತಪ್ಪಾಯ್ತಪ್ಪ, ಕ್ಷಮಿಸ್ಬಿಡು."

ರಾವುಲ್ ಬಾಗಿಲಿನತ್ತ ಕೈ ತೋರಿಸಿದ.

"ನನ್ ಹೆಂಡ್ತಿ ನಿನ್ನೆಯಿಂದ ಆ ಮೆಟ್ಟಿಲ ಮೇಲೇ ಕೂತಿದ್ದಾಳೆ. ಹೋಗಿ ಅವಳ ಹತ್ರ ಹೇಳಿ."