ಮೂರು ದಿನ ಒಂದೇ ಅಂಕಿ

ಗಂಡನ ಅಂತ್ಯಕ್ರಿಯೆಯ ಮರುದಿನ, ಮಂಗಳವಾರ. ಎಂದಿನಂತೆ ನಲ್ಲಿಯಲ್ಲಿ ನೀರು ಬಂತು, ಪೇಪರ್ ಬಂತು. ಆಸ್ಪತ್ರೆಯಿಂದ ತಂದ ಚೀಲ ಬಿಚ್ಚಿದೆ. ಟವೆಲ್, ಅವನ ಕನ್ನಡಕ, ನೋಟ್‌ಬುಕ್, ಒಂದು ನೀಲಿ ಪೆನ್ನು. ಪೆನ್ನು ನಮ್ಮದಲ್ಲ. ಅದಕ್ಕೆ ಅಂಟಿಸಿದ ಚೀಟಿಯಲ್ಲಿ ‘ಐಸಿಯು. ಒಯ್ಯಬೇಡಿ’ ಎಂದಿತ್ತು.

ಅತ್ತೆ ಬಾಗಿಲಲ್ಲಿ ನಿಂತರು.

“ಡಾಕ್ಟರ್ ಫೋನ್ ಮಾಡಿದ್ರು. ನೀನು ಎತ್ತಲಿಲ್ಲ. ಆ ನರ್ಸ್ ಹುಡುಗೀನ ಕೆಲಸದಿಂದ ತೆಗೀತಾರಂತೆ. ಹನ್ನೊಂದಕ್ಕೆ ವಿಚಾರಣೆ.”

“ಏನು ಮಾಡಿದಳಂತೆ?”

“ಡ್ರಿಪ್ ಹಾಕಿದ ಕೈಯಿಂದಲೇ ರಕ್ತ ತೆಗೆದಳಂತೆ.”

ಡ್ರಿಪ್‌ನಲ್ಲಿ ಸಕ್ಕರೆಯ ಜೊತೆ ಸ್ವಲ್ಪ ಮೆಗ್ನೀಸಿಯಂ ಇತ್ತು. ಅದು ಬೆರೆತ ರಕ್ತದಲ್ಲಿ ಎರಡರ ಅಂಕಿಯೂ ಏರಿ ಕಾಣುತ್ತದೆ. ಮೈಯಲ್ಲಿ ಮೆಗ್ನೀಸಿಯಂ ಇಳಿದಿದ್ದರೂ ತಿಳಿಯದು. ತುಂಬ ಇಳಿದರೆ ಹೃದಯ ತಾಳ ತಪ್ಪುತ್ತದೆ. ಅವನದು ತಪ್ಪಿತ್ತು.

ನಾನು ಕಾಲೇಜಿನಲ್ಲಿ ಬಯೋಕೆಮಿಸ್ಟ್ರಿ ಕಲಿಸುವವಳು. ನೋಟ್‌ಬುಕ್ ತೆರೆದೆ. ದಿನದಿನದ ರಿಪೋರ್ಟು ಕೇಳಿ ಬರೆದುಕೊಳ್ಳುವುದು ಅವನ ಚಟ. ಶುಕ್ರವಾರ, ಶನಿವಾರ, ಭಾನುವಾರ: ಸಕ್ಕರೆ ೧೦೪, ೧೨೧, ೧೧೦. ಮೆಗ್ನೀಸಿಯಂ ೧.೯, ೧.೯, ೧.೯. ಕೆಳಗೆ, ‘ಇವತ್ತೂ ಎಡಗೈ. ಮೂರು ಸಲ ಚುಚ್ಚಿ ನನಗಿಂತ ಅವಳೇ ಹೆಚ್ಚು ಬೆವೆತಳು.’

ಡ್ರಿಪ್ ಇದ್ದದ್ದು ಬಲಗೈಗೆ. ಅದು ಬೆರೆತಿದ್ದರೆ ಸಕ್ಕರೆಯೂ ಜಿಗಿಯಬೇಕಿತ್ತು. ಮೆಗ್ನೀಸಿಯಂ ಮಾತ್ರ ಮೂರು ದಿನವೂ ಕದಲಿರಲಿಲ್ಲ.

ಪೆನ್ನು ಎತ್ತಿಕೊಂಡು ಹೊರಟೆ.

* * *

ಆಸ್ಪತ್ರೆಯ ಲ್ಯಾಬಿನ ಹಿರಿಯ ಟೆಕ್ನಿಷಿಯನ್‌ಗೆ ಎಲ್ಲರೂ ಇಟ್ಟ ಹೆಸರು ಪಾಯಿಂಟ್ ಮಾವ. ದಶಾಂಶ ಬಿಟ್ಟು ಮಾತಾಡಿದವರಲ್ಲ. ವಿಚಾರಣೆಗೆ ಬಂದಿದ್ದ ಡಾಕ್ಟರು, ನರ್ಸು ನನ್ನ ಹಿಂದೆ ನಿಂತಿದ್ದರು.

“ಮಷೀನ್ ಕೆಟ್ಟಿತ್ತಾ, ಮಾವ?”

“ನಿಮ್ಮ ಗಡಿಯಾರ ತಪ್ಪಬಹುದಮ್ಮ, ನನ್ನ ಮಷೀನ್ ತಪ್ಪಲ್ಲ.”

ಮಷೀನಿನ ಮುಚ್ಚಳ ಎತ್ತಿದೆ. ತೆರೆದ ದಿನ, ಮುಗಿದ ದಿನ ಬರೆಯದೆ ಮಾವ ಯಾವ ಬಾಟಲಿಯನ್ನೂ ಮುಟ್ಟುವವರಲ್ಲ. ಮೆಗ್ನೀಸಿಯಂ ಪರೀಕ್ಷೆಯ ದ್ರಾವಣದ ಮೇಲೆ ಅವರದೇ ಕೈಬರಹ: ‘ತೆರೆದದ್ದು ಸೋಮವಾರ’. ಕಪಾಟಿನಲ್ಲಿದ್ದ ಖಾಲಿ ಬಾಟಲಿಯ ಮೇಲೆ: ‘ಮುಗಿದದ್ದು ಗುರುವಾರ’.

“ನಡುವಿನ ಮೂರು ದಿನ ಯಾವುದರಲ್ಲಿ ಅಳೆದಿರಿ?”

ಮಾವ ಕನ್ನಡಕ ತೆಗೆದು ಒರೆಸತೊಡಗಿದರು.

“ಸ್ಯಾಂಪಲ್ ಒಂದು ವಾರ ಇಡ್ತೀರಲ್ಲ?”

ಡಾಕ್ಟರು ಫ್ರಿಜ್ ತೆರೆದು ಭಾನುವಾರದ್ದನ್ನು ನನ್ನ ಕೈಗಿಟ್ಟರು. ಪುಟ್ಟ ನಳಿಗೆ. ತಳದಲ್ಲಿ ರಕ್ತದಿಂದ ಬೇರೆ ಮಾಡಿದ ಹಳದಿ ದ್ರವ. ಮೇಲೆ ಅವನ ಹೆಸರು. ಬೂದಿಯಾಗದೆ ಉಳಿದದ್ದು ಇಷ್ಟೇ. ತಣ್ಣಗಿತ್ತು. ಅಂಗೈಯಲ್ಲಿ ಮುಚ್ಚಿಕೊಂಡೆ.

“ಕೊಡಮ್ಮ,” ಎಂದರು ಡಾಕ್ಟರು. ಎರಡನೆಯ ಸಲ ಕೇಳಿದ ಮೇಲೆ ಕೊಟ್ಟೆ.

ಹತ್ತು ನಿಮಿಷ. ಪರದೆಯ ಮೇಲೆ ೦.೯.

“೧.೭ಕ್ಕಿಂತ ಇಳೀಬಾರದು,” ಎಂದರು ಡಾಕ್ಟರು. “ನಾನು ರಿಪೋರ್ಟ್ ನಂಬಿದೆ.”

“ಬಾಟಲಿ ಇವತ್ತು ಬರುತ್ತೆ, ನಾಳೆ ಬರುತ್ತೆ ಅಂತಿದ್ರು,” ಎಂದರು ಮಾವ. “ಇಲ್ಲ ಅಂದ್ರೆ ಮೇಲಿನವರ ಬೈಗುಳ. ಗುರುವಾರದ ಅಂಕಿ ಚೆನ್ನಾಗೇ ಇತ್ತಲ್ಲ ಅಂತ ಅದನ್ನೇ ಹಾಕಿದೆ.”

“ಡ್ರಿಪ್ ಕೈ ಅಂತ ಹೇಳಿದ್ದೂ ನೀವೇ.”

“ಹೌದು,” ಎಂದು ಮಾವ ಖಾಲಿ ಬಾಟಲಿಯನ್ನು ಡಾಕ್ಟರ ಮುಂದಿಟ್ಟರು.

* * *

ನರ್ಸ್ ಮೆಟ್ಟಿಲವರೆಗೂ ಜೊತೆಗೆ ಬಂದಳು. ಪೆನ್ನು ಚಾಚಿದೆ.

“ಇಟ್ಕೊಳ್ಳಿ ಅಕ್ಕ. ಕೇಳಿದಾಗಲೆಲ್ಲ ‘ನಾಳೆ ಕೊಡ್ತೀನಿ, ಕಳ್ಳ ಅಲ್ಲ ನಾನು’ ಅಂತಿದ್ರು.”

“ಅದಕ್ಕೇ ತಂದಿದ್ದು.”

ಕ್ಯಾಪಿನ ತುದಿಯಲ್ಲಿ ಅವನ ಹಲ್ಲಿನ ಗುರುತಿತ್ತು. ಹೆಬ್ಬೆರಳಿನಿಂದ ಒಮ್ಮೆ ಸವರಿ, ಅವಳ ಜೇಬಿಗೆ ಸಿಕ್ಕಿಸಿದೆ.