ಕಹಿಯಿಲ್ಲದ ಮಾತ್ರೆ

ಬೆಳಿಗ್ಗೆ ಷಟರ್ ಎತ್ತಿದ ಗಡಿಯಾರದಂಗಡಿಯ ಮಾಲೀಕನಿಗೆ ಮೊದಲು ತಟ್ಟಿದ್ದು ನಿಶ್ಶಬ್ದ. ಗೋಡೆಯ ಮೇಲಿನ ಒಂದು ಗಡಿಯಾರವೂ ನಡೆಯುತ್ತಿರಲಿಲ್ಲ. ಗಾಜು ಒಡೆದಿತ್ತು, ಮುಳ್ಳು ಕಿತ್ತುಬಂದಿದ್ದವು. ಚೂರುಗಳ ನಡುವೆ ಕೆಲಸದವನು ಎರಡೂ ಕಿವಿ ಒತ್ತಿ ಹಿಡಿದು ಕೂತಿದ್ದ. ಗಡಿಯಾರ ಒರೆಸಿ ಕೀಲಿ ಕೊಡುವವನು ಅವನೇ. ಹಿಂಬಾಗಿಲ ಬೀಗದ ಕೈ ಅವನ ಹತ್ತಿರವೇ ಇರುತ್ತಿತ್ತು.

“ಎಲ್ಲಾ ನನ್ನ ಬಗ್ಗೆನೇ ಮಾತಾಡ್ತಿದ್ವು,” ಎಂದ.

ಇನ್ಸ್‌ಪೆಕ್ಟರ್ ಬಂದರು. ಅವನಿಗೆ ಮೂರು ವರ್ಷದಿಂದ ಮದ್ದು ಕೊಡುತ್ತಿದ್ದ ಮನೋವೈದ್ಯೆಯನ್ನೂ ಕರೆಸಿದರು.

“ಮಾತ್ರೆ ಬಿಟ್ಟಿದ್ಯಾ?”

“ಇಲ್ಲ ಮೇಡಂ. ದಿನಾ ಅಕ್ಕನ ಎದುರಿಗೇ ನುಂಗ್ತೀನಿ. ಈಗೀಗ ಕಹಿನೂ ಇಲ್ಲ.”

ಇಂಜೆಕ್ಷನ್ ಕೊಟ್ಟು ಅವನನ್ನು ಆಸ್ಪತ್ರೆಗೆ ಸಾಗಿಸಿದರು.

“ಮಾಡಿದವನು ಕಣ್ಣೆದುರಿಗೇ ಸಿಕ್ಕಿದ,” ಇನ್ಸ್‌ಪೆಕ್ಟರ್ ಅಂದರು. “ಇನ್ನೇನು ಪತ್ತೆ ಹಚ್ಚೋದು?”

“ಮಾತ್ರೆ ಯಾಕೆ ಕೆಲಸ ಮಾಡ್ಲಿಲ್ಲ ಅನ್ನೋದು,” ಡಾಕ್ಟರ್ ಅಂದರು. “ಮಾತ್ರೆಯೇ ಸೋತಿದ್ರೆ ಡೋಸ್ ಏರಿಸ್ಬೇಕು, ತಿಂಗಳುಗಟ್ಟಲೆ ಬೀಗ ಹಾಕಿದ ವಾರ್ಡಲ್ಲಿ ಇಡ್ಬೇಕು. ಬೇರೆ ಯಾರೋ ಕಾರಣ ಆಗಿದ್ರೆ? ಸುಮ್ಮನೆ ಅವನನ್ನ ಜೀವಂತ ಹೂತುಹಾಕಿದ ಹಾಗೆ.”

ಮಾಲೀಕ ಕೈ ಜೋಡಿಸಿದ. “ನನ್ನ ಮೇಲೆ ಅನುಮಾನ ಪಡ್ಬೇಡಿ ಸಾರ್. ಅವರ ಮನೆ ಹೊಸ್ತಿಲು ತುಳಿದವನಲ್ಲ ನಾನು. ಅವನು ತುಟಿ ಬಿಚ್ಚೋನೇ ಅಲ್ಲ. ಅವನಿಗಿಂತ ಈ ಗಡಿಯಾರಗಳೇ ವಾಸಿ, ಗಂಟೆಗೊಂದ್ಸಲನಾದ್ರೂ ಮಾತಾಡ್ತಿದ್ವು.”

ಇನ್ಸ್‌ಪೆಕ್ಟರ್, ಡಾಕ್ಟರ್ ಇಬ್ಬರೂ ಕೆಲಸದವನ ಮನೆಗೆ ಹೋದರು. ಎರಡು ಕೋಣೆಯ ಮನೆ. ಅಕ್ಕ, ತಮ್ಮ, ಇಬ್ಬರೇ. ಅಕ್ಕ ಮಾತ್ರೆಯ ಡಬ್ಬಿ ತಂದಿಟ್ಟಳು. ತಿಂಗಳು ತಿಂಗಳು ಆಸ್ಪತ್ರೆಗೆ ಬಂದು ಮಾತ್ರೆ ಒಯ್ಯುತ್ತಿದ್ದವಳು ಅವಳೊಬ್ಬಳೇ.

“ಸ್ಟ್ರಿಪ್‌ನಿಂದ ಬಿಡಿಸಿ ಇದರಲ್ಲಿ ಹಾಕಿಡ್ತೀನಿ.”

“ಅವನ ಕೈ ನಡುಕ ಈಗೀಗ ಹೇಗಿತ್ತು?” ಡಾಕ್ಟರ್ ಕೇಳಿದರು.

“ಹಾಗೇ ಇತ್ತು. ಲೋಟ ಹಿಡಿದ್ರೆ ಅರ್ಧ ಚೆಲ್ಲೋನು.”

ಡಾಕ್ಟರ್ ಕೋಣೆ ನೋಡಿದರು. ಎದುರುಬದುರು ಎರಡು ಕುರ್ಚಿ. ನಡುವೆ ಕೇರಂ ಬೋರ್ಡು. ಮೇಲೆ ಹೊಸದಾಗಿ ಉದುರಿಸಿದ ಪೌಡರು.

“ಯಾರು ಆಡ್ತೀರಿ?”

“ನಾವೇ.” ಅಕ್ಕನ ಮುಖ ಅರಳಿತು. “ಮೊನ್ನೆ ನನ್ನನ್ನ ಸೋಲಿಸಿಬಿಟ್ಟ, ಕಳ್ಳ! ಕಟ್ ಹೊಡೆಯೋದ್ರಲ್ಲಿ ಅವನನ್ನ—” ಅಲ್ಲಿಗೇ ನಿಲ್ಲಿಸಿದಳು.

ಡಾಕ್ಟರ್ ಒಂದು ಮಾತ್ರೆಯನ್ನು ನಾಲಿಗೆಗೆ ತಾಗಿಸಿದರು. “ಕಹಿಯೇ ಇಲ್ಲ, ಸುಣ್ಣದ ರುಚಿ. ಇದು ನಾನು ಕೊಟ್ಟ ಮಾತ್ರೆ ಅಲ್ಲ, ಮೂಳೆಗೆ ಕೊಡೋ ಕ್ಯಾಲ್ಸಿಯಂ.”

“ಮತ್ತೆ ಬದಲಿಸಿದ್ದು ಯಾರು?” ಇನ್ಸ್‌ಪೆಕ್ಟರ್ ಕೇಳಿದರು.

“ಆ ಕೇರಂ ಬೋರ್ಡು ನೀವೂ ನೋಡಿದ್ರಿ, ಗಮನ ಕೊಡ್ಲಿಲ್ಲ. ಮಿದುಳಲ್ಲಿ ಡೋಪಮೈನ್ ಅಂತ ಒಂದು ರಾಸಾಯನಿಕ ಇದೆ. ಯಾವುದಕ್ಕೆ ಗಮನ ಕೊಡ್ಬೇಕು ಅಂತ ಹೇಳೋದ್ರಲ್ಲಿ ಅದರ ಪಾಲು ದೊಡ್ಡದು. ಇವನಲ್ಲಿ ಅದರ ಅಬ್ಬರ ಜಾಸ್ತಿ. ಟಿಕ್ ಟಿಕ್ ಸದ್ದೂ ತನಗೇ ಹೇಳಿದ ಹಾಗೆ ಕೇಳುತ್ತೆ. ಡೋಪಮೈನ್ ಕೂರೋ ಜಾಗದಲ್ಲಿ ಮಾತ್ರೆ ಮೊದಲೇ ಹೋಗಿ ಕೂರುತ್ತೆ, ಸದ್ದು ಅಡಗುತ್ತೆ. ಆದ್ರೆ ಕೈಕಾಲು ಸರಾಗವಾಗಿ ಆಡೋಕೂ ಡೋಪಮೈನೇ ಬೇಕಲ್ಲ? ಅದಕ್ಕೇ ಇವನಿಗೆ ನಡುಕ, ಬಿಗಿತ. ನಡುಗೋ ಕೈ ಅಷ್ಟು ಗುರಿಯಿಟ್ಟು ಕಟ್ ಹೊಡೆಯಲ್ಲ. ನಡುಕ ಹೋಗಿದೆ ಅಂದ್ರೆ ಮಾತ್ರೆನೂ ಹೋಗಿದೆ.” ಡಾಕ್ಟರ್ ಅಕ್ಕನ ಕಡೆ ತಿರುಗಿದರು. “ಎದುರಿಗೇ ಕೂತು ನೋಡಿದವರು ನೀವು. ಆದರೂ ನಡುಗ್ತಿತ್ತು ಅಂದ್ರಿ. ಬದಲಿಸಿದ್ದು ನೀವೇ.”

ಅಕ್ಕ ಅಳಲಿಲ್ಲ.

“ಹೌದು, ಎರಡು ತಿಂಗಳಿಂದ. ಮೂರು ವರ್ಷ ಗೋಡೆ ನೋಡ್ತಾ ಕೂತಿದ್ದ. ಊಟ ಹಾಕಿದ್ರೆ ಊಟ, ಮಲಗು ಅಂದ್ರೆ ನಿದ್ದೆ. ಈ ಮನೇಲಿ ನನ್ನ ಹತ್ರ ಮಾತಾಡೋರು ಬೇರೆ ಯಾರಿದ್ದಾರೆ? ಮಾತ್ರೆ ನಿಲ್ಲಿಸಿದ್ಮೇಲೆ ಒಂದಿನ ನಕ್ಕ.”

“ಡೋಸ್ ಇಳಿಸಬಹುದಿತ್ತು. ಬೇರೆ ಮಾತ್ರೆ ಕೊಡಬಹುದಿತ್ತು. ನನ್ನನ್ನ ಕೇಳ್ಬೇಕಿತ್ತು.”

“ಕೇಳ್ದೆ. ಬಂದಾಗಲೆಲ್ಲ ಕೇಳ್ದೆ. ‘ಗಲಾಟೆ ಮಾಡ್ತಿಲ್ಲ ತಾನೆ?’ ಅಂದು ಮುಂದಿನವರನ್ನ ಕರೀತಿದ್ರಿ.”

ಇನ್ಸ್‌ಪೆಕ್ಟರ್ ಕೆಮ್ಮಿದರು. ಡಾಕ್ಟರ್ ಡಬ್ಬಿಯ ಮುಚ್ಚಳ ಹಾಕಲು ಹೋದರು; ಅದು ಸರಿಯಾಗಿ ಕೂರಲಿಲ್ಲ.

“ಡೋಸ್ ಏರಿಸಲ್ಲ. ಬೀಗದ ವಾರ್ಡೂ ಬೇಡ. ಹಳೇ ಮಾತ್ರೆ ಕೊಟ್ಟು ಸದ್ದು ಅಡಗಿಸ್ತೀನಿ. ಆಮೇಲೆ ನಿಧಾನಕ್ಕೆ ಬೇರೆದಕ್ಕೆ ಬದಲಾಯಿಸ್ತೀನಿ.”

“ಅಲ್ಲೀತನಕ ಮತ್ತೆ ಗೋಡೆ ನೋಡ್ತಾ ಕೂರ್ತಾನಾ?”

“ಕೂರಬಹುದು.”

“ನಾನು ಯಾರ ಹತ್ರ ಮಾತಾಡ್ಲಿ?” ಎಂದಳು ಅಕ್ಕ.